ನಲವತ್ತೊಂದು ಕೀಲಿಕೈ

"ಒಂದನ್ನೂ ಬಿಟ್ಟಿಲ್ಲ ಮಾವ, ನೋಡಿ!"

ಅಳಿಯ ಕೀಲಿಕೈಗಳ ಗೊಂಚಲನ್ನು ಮುಂದೆ ಹಿಡಿದ. ಕಣ್ಣಿನ ಪೊರೆ ತೆಗೆಸಿಕೊಂಡು, ಹದಿನೈದು ದಿನ ಮಗನ ಮನೆಯಲ್ಲಿ ಕಪ್ಪು ಕನ್ನಡಕದೊಳಗೆ ಕಳೆದು, ಮೇಷ್ಟ್ರು ಆಗತಾನೆ ಮನೆಗೆ ಕಾಲಿಟ್ಟಿದ್ದರು. ಗೋಡೆಯ ಕಪಾಟಿನಲ್ಲಿ ಅವರ ನಲವತ್ತೊಂದು ಬೀಗಗಳೂ ಬಾಯಿ ತೆರೆದುಕೊಂಡು ಕೂತಿದ್ದವು.

ಊರಿಗೆಲ್ಲ ಅವರು ಬೀಗದ ಮೇಷ್ಟ್ರು. ಹಗಲೆಲ್ಲ ಅಂಗಡಿಯಲ್ಲಿ ಕಂಡವರ ಬೀಗ ತೆರೆದುಕೊಟ್ಟು, ಮನೆಗೆ ಮಾತ್ರ ಕೀಲಿಕೈ ಕಳೆದುಹೋದ ಬೀಗಗಳನ್ನೇ ಗುಜರಿಯಿಂದ ಹುಡುಕಿ ತರುತ್ತಿದ್ದರು. ತಂದದ್ದನ್ನು ಒರೆಸಿ, ಮುಚ್ಚಿದಂತೆಯೇ ಇಡುವುದು. ತೆರೆದರೆ ಅದು ಬರೀ ಕಬ್ಬಿಣ, ಮುಚ್ಚಿದ್ದರೇ ಬೀಗ ಎಂಬ ಹುಚ್ಚು ಅವರದು. ಅಳಿಯನಿಗೆ ಕಸುಬೆಲ್ಲ ಕಲಿಸಿದವರು ಇದೊಂದನ್ನು ಹೇಳಿರಲಿಲ್ಲ. ಪಾಪ, ಮಾವನಿಗೆ ಕಣ್ಣು ಮಂಜಾಗಿ ಉಳಿದುಹೋದ ಕೆಲಸ ಎಂದುಕೊಂಡಿದ್ದ ಅವನು.

ಬೈಯಬೇಕೋ ಬೆನ್ನು ತಟ್ಟಬೇಕೋ ಮೇಷ್ಟ್ರಿಗೆ ತೋಚಲಿಲ್ಲ. ಒಂದು ಕೀಲಿಕೈಯನ್ನು ಬೆಳಕಿಗೆ ಹಿಡಿದರು. ಅರದಿಂದ ತೀಡಿದ ಹಲ್ಲುಗಳಲ್ಲಿ ಎಳ್ಳಷ್ಟೂ ಕುಂದಿಲ್ಲ. ಹೆಮ್ಮೆಯಾಯಿತು. ಆಮೇಲೆ ಕಣ್ಣು ಕಪಾಟಿನ ಮೂಲೆಗೆ ಹೋಯಿತು.

"ಆ ದಪ್ಪ ಹಿತ್ತಾಳೇದು?"

"ಅಬ್ಬಾ, ಅದು ಜೀವ ತಿಂದುಬಿಡ್ತು ಮಾವ. ಮೂರು ದಿನ!"

ಒಳಗಿಂದ ಮಗಳ ನಗು ಕೇಳಿಸಿತು. "ಸುಳ್ಳು ಯಾಕ್ರೀ? ನಾನು ತಂದಿಟ್ಟ ಚಹಾ ಆರೋದ್ರೊಳಗೆ ತೆಗೆದಿದ್ರಲ್ಲ!"

ಅಳಿಯ ನೆಲ ನೋಡಿದ.

ಮೇಷ್ಟ್ರು ಪ್ರಾಯದಲ್ಲಿ ಆರು ತಿಂಗಳು ಗುದ್ದಾಡಿ ಸೋತ ಬೀಗ ಅದು. ಕೇಳಿದವರಿಗೆಲ್ಲ "ತೆಗೆಯೋಕೆ ಮನಸ್ಸಿಲ್ಲ" ಎಂದು ಹೇಳುತ್ತ ಬಂದಿದ್ದರು. ಕಟ್ಟಿಕೊಂಡ ಹೆಂಡತಿಗೂ ನಿಜ ಗೊತ್ತಿರಲಿಲ್ಲ. ಅದೊಂದು ಎದ್ದು ಕಾಣದಿರಲಿ ಎಂದು ಮಿಕ್ಕ ನಲವತ್ತು ಬಂದವೋ, ನಿಜಕ್ಕೂ ಹುಚ್ಚೇ ಹಿಡಿದಿತ್ತೋ, ಈಗ ನೆನೆದರೆ ಅವರಿಗೇ ತಿಳಿಯಲಿಲ್ಲ. ತಮಗೆ ಸಣ್ಣತನವಾಗದಿರಲೆಂದು ಸುಳ್ಳು ಹೇಳಿದ ಅಳಿಯನ ಮೇಲೆ ಅಕ್ಕರೆ ಉಕ್ಕಿತು, ಅವನ ಮುಖ ನೋಡಲೂ ಆಗಲಿಲ್ಲ.

"ಒಳ್ಳೇ ಕೆಲಸ ಕಣಪ್ಪ," ಎಂದರು. "ನೀನು ಹೋಗಿ ಊಟ ಮಾಡು."

ಒಬ್ಬರೇ ಕೂತು ಬೀಗಗಳನ್ನು ಒಂದೊಂದಾಗಿ ಅದುಮಿ ಮುಚ್ಚಿದರು. ಗೊಂಚಲನ್ನು ತಗಡಿನ ಪೆಟ್ಟಿಗೆಯೊಳಗೆ ಹಾಕಿ, ಕೊನೆಗೆ ಉಳಿದ ಹಿತ್ತಾಳೆ ಬೀಗವನ್ನು ಅದಕ್ಕೇ ಜಡಿದರು.

ಊಟಕ್ಕೆ ಕರೆಯಲು ಬಂದ ಹೆಂಡತಿ ಬಾಗಿಲಲ್ಲೇ ನಿಂತರು. "ಇದರ ಕೀಲಿಕೈ ಎಲ್ರೀ?"

"ಒಳಗಿದೆ."

"ಅಯ್ಯೋ, ಮರೆತು ಹಾಕಿಬಿಟ್ರಾ?"

ಮರೆತೋ, ಬೇಕೆಂದೋ? ಮೇಷ್ಟ್ರು ಬೀಗವನ್ನೊಮ್ಮೆ ಜಗ್ಗಿ ನೋಡಿದರು.

"ಅಳಿಯಂದಿರನ್ನ ಕರೀಲಾ?"

"ಬೇಡ. ಆ ಗೂಡಲ್ಲಿ ನನ್ನ ಹಳೇ ಕೊಕ್ಕೆ ತಂತಿ ಇರಬೇಕು, ಕೊಡು."

"ಊಟ ಆರಿಹೋಗುತ್ತೆ."

"ಆರಲಿ," ಎಂದು ಮೇಷ್ಟ್ರು ಪೆಟ್ಟಿಗೆಯನ್ನು ತೊಡೆಯ ಮೇಲೆಳೆದುಕೊಂಡು, ಹೊಸ ಕಣ್ಣನ್ನು ಮುಚ್ಚಿ, ಬೀಗಕ್ಕೆ ಕಿವಿ ಆನಿಸಿದರು.