ಜವಾಬಿನ ಜಾಗ

‘ಖಾಲಾ, ಹಾಡು ಭಾಳ ಛಲೋ ಐತ್ರಿ. ಆದ್ರ ನಿಮ್ಮ ದನಿನ ಕೇಳಿಸವಲ್ದು. ಇನ್ನೊಮ್ಮೆ ಹಾಡಿ ಕಳಸ್ರಿ.’

ಗಂಗಾವತಿಯಿಂದ ತಾಹೇರ ಕಳಿಸಿದ ಈ ಮಾತನ್ನು ಮಹೇಶ್ವರಿ ಮೂರು ಸಲ ಕೇಳಿದಳು. ಹಾಡು ಚೆನ್ನಾಗಿದೆಯಂತೆ, ದನಿ ಮಾತ್ರ ಕೇಳುವುದಿಲ್ಲವಂತೆ. ಇದೆಂಥ ಹೊಗಳಿಕೆಯೋ ಅವನೇ ಬಲ್ಲ. ಆದರೂ ಹುಡುಗನದು ತಪ್ಪಲ್ಲ. ಕುಷ್ಟಗಿಯ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷ ‘ಸದ್ದು ಮಾಡಬೇಡಿ’ ಎಂಬ ಫಲಕದ ಕೆಳಗೆ ಕುರ್ಚಿ ಹಾಕಿಕೊಂಡು ಕೂತವಳ ದನಿ ಇನ್ನು ಹೇಗಿದ್ದೀತು? ಮನೆಗೆ ಹೋದಮೇಲಾದರೂ ಏರಿಸಿ ಮಾತಾಡೋಣವೆಂದರೆ ಅಲ್ಲಿ ಕೇಳುವವರು ಬೇಕಲ್ಲ. ಸುತ್ತಲ ಊರುಗಳ ಮದುವೆಗೆಲ್ಲ ಹಾಡಿದ ಮಹೇಶ್ವರಿ ತಾನು ಮಾತ್ರ ಹಸೆಮಣೆ ಏರಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಈ ವರ್ಷ ಬೇಡ, ಬರುವ ವರ್ಷ ನೋಡೋಣ ಎನ್ನುತ್ತ ಐವತ್ತು ದಾಟಿತು.

ತಾಹೇರ ಅವಳ ಗೆಳತಿ ಹಸನಬೀಯ ಮಗ, ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವವನು. ಗಂಗಾವತಿಯಲ್ಲಿ ಮೊಬೈಲು ರಿಪೇರಿ ಅಂಗಡಿ ಇಟ್ಟಿದ್ದಾನೆ, ಬಿಡುವಾದಾಗ ಕೀಬೋರ್ಡು ಬಾರಿಸುತ್ತಾನೆ. ಮನೆಯ ಮೂಲೆಯಲ್ಲಿ ಒಂದು ಕಂಪ್ಯೂಟರು, ಒಂದು ಮೈಕು ಇಟ್ಟುಕೊಂಡು ಅದನ್ನು ಸ್ಟುಡಿಯೊ ಎಂದು ಕರೆಯುತ್ತಾನೆ. ಈಗ ಅವನ ತಂಗಿ ಖುಷ್ಬುವಿನ ಮದುವೆ. ಯಾವ ಶಾಸ್ತ್ರಕ್ಕೆ ಯಾವ ಹಾಡು ಎಂದು ಆರಿಸುವ ಕೆಲಸ ಅವನ ತಲೆಗೆ ಬಿದ್ದಿತ್ತು. ಹೋದ ವಾರವೇ ಫೋನು ಮಾಡಿದ್ದ.

‘ಹಳದಿಗೆ, ಮೆಹಂದಿಗೆ ಸಿನಿಮಾ ಹಾಡು ಹಚ್ಚತೀವ್ರಿ ಖಾಲಾ, ಹುಡುಗ್ಯಾರು ಕುಣೀತಾರಂತ. ಹೆಣ್ಣು ಕಳಸೂ ಹೊತ್ತಿಗೆ ಮಾತ್ರ ಏನೂ ಹೊಂದವಲ್ದು. ನಾನ ಕೀಬೋರ್ಡಿನ್ಯಾಗ ಒಂದು ಬಾರಿಸಿದೆ. ಡ್ರಮ್ಮಿನ ಅಜೀಮ ಕೇಳಿ, ಲಿಫ್ಟಿನ್ಯಾಗ ನಿಂತು ಮ್ಯೂಜಿಕ್ ಕೇಳಿದಂಗ ಆಗತೈತಲೇ ಅಂದ.’

‘ಹಂಗಾರ ಬ್ಯಾಡ ಬಿಡಪಾ.’

‘ಅದಕ್ಕ ನಿಮಗ ಮಾಡಿದೆ. ಯಾರು ನೆಟ್ಟ ಬಳ್ಳಿ ಅಂತ ಒಂದು ಪದ ಹಾಡ್ತಿದ್ರೆಲ್ಲ, ಅದನ್ನ ಹಾಡಿ ಕಳಸ್ರಿ. ಸಣ್ಣಾಂವ ಇದ್ದಾಗ ಕೇಳಿದ್ದು, ನನಗ ಅಷ್ಟ ನೆನಪೈತಿ.’

ಮಹೇಶ್ವರಿ ಕೇಳಿದಳು. ‘ನಿಮ್ಮ ಅಮ್ಮಿ ಏನಂದ್ಳು?’

‘ಅಮ್ಮಿ ಏನೂ ಅನ್ನಲಿಲ್ರಿ. ಬ್ಯಾಡ ಅಂತನೂ ಅನ್ನಲಿಲ್ಲ. ನೀವೂ ಮದುವಿಗೆ ಬರ್ರಿ ಮತ್ತ.’

ಬರ್ರಿ ಎಂದವನು ಮಗ. ಹಸನಬೀ ಒಂದು ಮಾತು ಕರೆದಿದ್ದರೆ ಮಹೇಶ್ವರಿ ಮೊದಲ ಬಸ್ಸಿಗೇ ಹತ್ತುತ್ತಿದ್ದಳು. ಹಸನಬೀ ಕರೆದಿರಲಿಲ್ಲ. ಎರಡು ವರ್ಷದಿಂದ ಇಬ್ಬರ ನಡುವೆ ಮಾತೇ ಇರಲಿಲ್ಲ.

ಆ ಪದ ಹುಲಿಹೈದರ ಊರಿನ ಅಜ್ಜಿಯಿಂದ ಮಹೇಶ್ವರಿಗೆ ಬಂದದ್ದು. ಒಬ್ಬಳು ಹಾಡಿದರೆ ಅದು ಮುಗಿಯುವುದಿಲ್ಲ. ಗಂಡಿನ ಕಡೆಯವಳಾಗಿ ಒಬ್ಬಳು ಸವಾಲು ಕೇಳಬೇಕು, ಹೆಣ್ಣಿನ ತಾಯಿಯಾಗಿ ಇನ್ನೊಬ್ಬಳು ಜವಾಬು ಕೊಡಬೇಕು. ‘ಯಾರು ನೆಟ್ಟ ಬಳ್ಳಿಯವ್ವ, ಯಾರ ಚಪ್ಪರಕ?’ ಎಂದು ಮಹೇಶ್ವರಿ ಕೇಳುವಳು. ‘ನಾನು ನೆಟ್ಟ ಬಳ್ಳಿ ತಾಯಿ, ನಿನ್ನ ಚಪ್ಪರಕ’ ಎಂದು ಹಸನಬೀ ಒಪ್ಪಿಸುವಳು. ಹೀಗೆ ಏಳು ಸವಾಲು, ಏಳು ಜವಾಬು. ಒಂದೇ ಓಣಿಯ ಇಬ್ಬರೂ ಹತ್ತೊಂಬತ್ತು ವರ್ಷ ಯಾರು ಕರೆದರೂ ಹೋಗಿ ಹಾಡಿದರು. ಕೊಟ್ಟರೆ ಒಂದು ಕುಪ್ಪಸದ ಬಟ್ಟೆ, ಇಲ್ಲದಿದ್ದರೆ ಊಟ. ಹಸನಬೀಗೆ ಅವಸರವೆಂಬುದೇ ಗೊತ್ತಿರಲಿಲ್ಲ. ಸವಾಲು ಮುಗಿದಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಮದುಮಗಳ ಮುಖವನ್ನೊಮ್ಮೆ ನೋಡಿ, ನಿಧಾನವಾಗಿ ಉಸಿರೆಳೆದುಕೊಳ್ಳುವಳು. ಹೆಂಗಸರ ಕಣ್ಣು ತುಂಬುತ್ತಿದ್ದುದು ಜವಾಬು ಕೇಳಿ ಅಲ್ಲ, ಈ ಉಸಿರಿಗೇ.

ಕುಕನೂರಿನ ಒಂದು ಮದುವೆಯಲ್ಲಿ ಅದು ಕೆಟ್ಟಿತು. ಇದ್ದದ್ದು ಒಂದೇ ಮೈಕು, ಅದು ಮಹೇಶ್ವರಿಯ ಕೈಯಲ್ಲಿತ್ತು. ಬೇಗ ಮುಗಿಸಿರೆಂದು ಆರ್ಕೆಸ್ಟ್ರಾದವರು ಪಕ್ಕದಲ್ಲಿ ಚಡಪಡಿಸುತ್ತಿದ್ದರು. ಮೊದಲ ಸವಾಲು ಮುಗಿಯಿತು. ಹಸನಬೀ ಇನ್ನೂ ಸೆರಗಿಗೆ ಕೈಹಾಕಿದ್ದಳು, ಅಷ್ಟರಲ್ಲಿ ಮಹೇಶ್ವರಿ ತಾನೇ ಜವಾಬನ್ನೂ ಹಾಡಿಬಿಟ್ಟಳು. ಒಂದಲ್ಲ, ಏಳಕ್ಕೆ ಏಳೂ. ಜನ ಚಪ್ಪಾಳೆ ತಟ್ಟಿದರು. ನಿಜ ಹೇಳಬೇಕೆಂದರೆ ಆ ಚಪ್ಪಾಳೆ ಅವಳಿಗೆ ಹಿತವಾಗಿಯೇ ಇತ್ತು. ಬಸ್ಸಿನಲ್ಲಿ ಹಸನಬೀ ಬೇರೆ ಸೀಟಿಗೆ ಹೋಗಿ ಕೂತಳು. ಕುಷ್ಟಗಿಯಲ್ಲಿ ಇಳಿದಮೇಲೆ ಹೇಳಿದಳು, ‘ಸವಾಲೂ ನಿಂದ, ಜವಾಬೂ ನಿಂದ. ನಾ ಯಾಕ ಬೇಕಬೇ ನಿನಗ?’

ಅದೇ ಕೊನೆಯ ಮಾತು. ಆರು ತಿಂಗಳಿಗೆ ಅವಳ ಗಂಡ ಮಕ್ಬುಲಸಾಬ ಗಂಗಾವತಿಯಲ್ಲಿ ಬಟ್ಟೆ ಅಂಗಡಿ ತೆರೆದ. ಸಾಮಾನು ಹೇರಿದ ಟೆಂಪೋ ಗ್ರಂಥಾಲಯದ ಮುಂದೆಯೇ ಹಾದುಹೋಯಿತು. ಮಹೇಶ್ವರಿ ಪೇಪರುಗಳನ್ನು ತಾರೀಖಿನ ಪ್ರಕಾರ ಜೋಡಿಸುತ್ತ ಕೂತಿದ್ದಳು, ಎದ್ದು ಹೊರಗೆ ಬರಲಿಲ್ಲ.

ಆದ್ದರಿಂದ ತಾಹೇರನ ಫೋನು ಬಂದಾಗ ಅವಳಿಗೆ ಹೊಳೆದದ್ದು ಒಂದೇ ದಾರಿ. ಸವಾಲು ಮಾತ್ರ ಹಾಡಿ, ಪ್ರತಿ ಸವಾಲಿನ ನಂತರ ಹಸನಬೀಗೆ ಬೇಕಾಗುವಷ್ಟು ಹೊತ್ತು ಸುಮ್ಮನಿರುವುದು. ಈ ಸಲ ಹಸನಬೀ ನಿಜವಾಗಿಯೂ ಹೆಣ್ಣಿನ ತಾಯಿ. ಆ ಖಾಲಿ ಜಾಗ ತನಗಾಗಿ ಬಿಟ್ಟದ್ದೆಂದು ಅವಳಿಗೆ ತಿಳಿಯದೆ ಇರುತ್ತದೆಯೇ? ಒಂದೇ ಒಂದು ಜವಾಬು ಹಾಡಿದರೂ ಸಾಕು, ಮುನಿಸು ಮುಗಿದಂತೆ.

ಮೊದಲು ಕಳಿಸಿದ್ದು ಸಣ್ಣ ದನಿಯದು. ಎರಡನೆಯದನ್ನು ತಾಹೇರ ಹೇಳಿಕೊಟ್ಟಂತೆ ಕೌದಿ ಹೊದ್ದುಕೊಂಡು ಹಾಡಿದಳು. ದನಿ ಗೋಡೆಗೆ ಬಡಿಯುವುದಿಲ್ಲವಂತೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಕೌದಿಯೊಳಗೆ ಕೂತು ಬೆವರು ಸುರಿಸಿಕೊಂಡು ಹಾಡಿದವರು ಆ ಊರಿನಲ್ಲಿ ಬಹುಶಃ ಅವಳೊಬ್ಬಳೇ. ಫೋನನ್ನು ತುಟಿಗೇ ಹಿಡಿದಿದ್ದಳು.

‘ಈಗ ದನಿ ಒಡದೈತ್ರಿ ಖಾಲಾ,’ ಎಂದ ತಾಹೇರ. ‘ಫೋನು ಒಂದು ಮೊಳ ದೂರ ಇಡ್ರಿ. ಹಿಂದ ಲಾರಿ ಹಾರ್ನೂ ಕೇಳತೈತಿ.’

ಮೂರನೆಯದಕ್ಕೆ ಅವಳು ರಜೆಯ ದಿನ ಗ್ರಂಥಾಲಯದ ಬೀಗ ತೆಗೆದಳು. ವಿಶ್ವಕೋಶದ ಮೂರು ಸಂಪುಟ ಪೇರಿಸಿ ಅದರ ಮೇಲೆ ಫೋನು ಇಟ್ಟಳು, ಫ್ಯಾನು ಆರಿಸಿದಳು. ಗೋಡೆಯ ಗಡಿಯಾರವೊಂದೇ ಟಿಕ್ ಟಿಕ್ ಎನ್ನುತ್ತಿತ್ತು. ‘ಸದ್ದು ಮಾಡಬೇಡಿ’ ಫಲಕಕ್ಕೆ ಬೆನ್ನುಮಾಡಿ ನಿಂತು ಮೊದಲ ಸವಾಲು ಕೇಳಿದಳು. ಆಮೇಲೆ ಖಾಲಿ ಕುರ್ಚಿಯೊಂದನ್ನು ನೋಡುತ್ತ ಕಾದಳು. ಹಸನಬೀ ಬಾಯಿ ಒರೆಸಿಕೊಂಡಳು, ಮಗಳನ್ನು ನೋಡಿದಳು, ಉಸಿರೆಳೆದಳು, ಹಾಡಿದಳು. ಎಲ್ಲವನ್ನೂ ಮಹೇಶ್ವರಿ ಮನಸ್ಸಿನಲ್ಲೇ ನಡೆಸಿ ಎರಡನೆಯ ಸವಾಲಿಗೆ ಹೋದಳು.

‘ಇದು ಬರೋಬ್ಬರಿ ಐತ್ರಿ,’ ಎಂದು ತಾಹೇರ ಖುಷಿಪಟ್ಟ. ‘ದನಿ ಇನ್ನೊಂಚೂರು ನಾನ ಏರಸ್ತೀನಿ. ಶಾದಿಮಹಲಿನ್ಯಾಗ ಐದುನೂರು ಮಂದಿ ಇರ್ತಾರ.’

‘ಏರಸಪಾ. ಉಳಿದದ್ದು ಇದ್ದಂಗ ಇರ್ಲಿ.’

ನಡುವೆ ಜಾಗ ಬಿಟ್ಟಿದ್ದೇನೆ, ಅದು ನಿಮ್ಮ ಅಮ್ಮಿಯದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಹೇಳಿದರೆ ಬೇಡಿಕೊಂಡಂತಾಗುತ್ತದೆ ಎಂದುಕೊಂಡಳು. ಈ ಬಿಗುಮಾನಕ್ಕೆ ಏನು ಹೇಳಬೇಕೋ ತಿಳಿಯದು.

ಮದುವೆಯ ಮರುದಿನ ತಾಹೇರ ವಿಡಿಯೊ ಕಳಿಸಿದ. ಪೇಪರು ಓದುವವರು ನಾಲ್ಕು ಜನ ಕೂತಿದ್ದರು. ಮಹೇಶ್ವರಿ ಕಪಾಟಿನ ಹಿಂದೆ ಹೋಗಿ ದನಿ ತಗ್ಗಿಸಿ ನೋಡಿದಳು.

ಖುಷ್ಬು ತಲೆ ತಗ್ಗಿಸಿ ನಿಂತಿದ್ದಳು. ಪಕ್ಕದಲ್ಲಿ ಅವಳ ಕೈ ಹಿಡಿದು ಹಸನಬೀ. ಬಡವಾಗಿದ್ದಳು, ಕನ್ನಡಕ ಬಂದಿತ್ತು. ಸ್ಪೀಕರ್ ಬಾಕ್ಸಿನಿಂದ ಮಹೇಶ್ವರಿಯ ದನಿ ಗುಡುಗಿನಂತೆ ಬಂತು: ‘ಯಾರು ನೆಟ್ಟ ಬಳ್ಳಿಯವ್ವ, ಯಾರ ಚಪ್ಪರಕ?’ ಹಸನಬೀ ತಟ್ಟನೆ ತಲೆಯೆತ್ತಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮಗಳ ಮುಖ ನೋಡಿದಳು. ಉಸಿರೆಳೆದು ಬಾಯಿ ತೆರೆದಳು. ಅಷ್ಟರಲ್ಲಿ ಎರಡನೆಯ ಸವಾಲು ಬಂದು ಬಿತ್ತು.

ಅವಳು ಬಾಯಿ ಮುಚ್ಚಿದಳು. ಅದು ಮುಗಿದಾಗ ಮತ್ತೆ ತೆರೆದಳು. ಮೂರನೆಯದು ಬಂತು. ಆಮೇಲೆ ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡಳು, ಕೊನೆಯವರೆಗೂ ತೆಗೆಯಲಿಲ್ಲ. ಮಗಳನ್ನು ಕಳಿಸುವ ದುಃಖವೆಂದು ಯಾರೋ ಬೆನ್ನು ಸವರಿದರು.

ಕೆಳಗೆ ತಾಹೇರನ ಮಾತಿತ್ತು. ‘ಎಲ್ಲಾರಿಗೂ ಭಾಳ ಸೇರ್ತ್ರಿ ಖಾಲಾ. ದನಿ ಏರಿಸಿದ್ರ ನಡುನಡುವ ನಿಮ್ಮ ಗಡಿಯಾರದ ಸಪ್ಪಳ ಬರ್ತಿತ್ತು. ಅದಕ್ಕ ಖಾಲಿ ಇದ್ದದ್ದೆಲ್ಲ ತಗದು ಜೋಡಿಸೀನಿ. ಈಗ ಎಷ್ಟು ನೀಟಾಗೈತಿ ನೋಡ್ರಿ.’

ಮಹೇಶ್ವರಿ ವಿಡಿಯೊವನ್ನು ಮೊದಲಿನಿಂದ ಇನ್ನೊಮ್ಮೆ ನೋಡಿದಳು. ಕುಕನೂರಿನಲ್ಲಿ ಮಾಡಿದ್ದನ್ನೇ ತಾನು ಐದುನೂರು ಜನರ ಮುಂದೆ, ಅವಳ ಮಗಳ ಮದುವೆಯಲ್ಲಿ ಇನ್ನೊಮ್ಮೆ ಮಾಡಿದಂತಾಯಿತು. ಹಸನಬೀ ಹಾಗೆಯೇ ತಿಳಿದಿರುತ್ತಾಳೆ. ಬೇರೆ ಹೇಗೆ ತಿಳಿದಾಳು? ಅವಳು ಜವಾಬು ಕೊಡಲು ಬಾಯಿ ತೆರೆದಿದ್ದಳು. ಒಮ್ಮೆಯಲ್ಲ, ಎರಡು ಸಲ.

ಹಸನಬೀಯ ನಂಬರು ಫೋನಿನಲ್ಲಿ ಇದ್ದೇ ಇತ್ತು, ಎರಡು ವರ್ಷ ಅದನ್ನು ಅಳಿಸಿರಲಿಲ್ಲ. ಗಡಿಯಾರದ ಸಪ್ಪಳವಿದ್ದ ಮೂಲ ಹಾಡನ್ನು, ಖಾಲಿ ಜಾಗಗಳೆಲ್ಲ ಹಾಗೇ ಇದ್ದದ್ದನ್ನು, ಅವಳು ಆ ನಂಬರಿಗೆ ಕಳಿಸಿದಳು. ಜೊತೆಗೆ ಏನೂ ಬರೆಯಲಿಲ್ಲ.

ಸಂಜೆ ಬೀಗ ಹಾಕುವ ಹೊತ್ತಿಗೆ ಕಳಿಸಿದ ಹಾಡಿನ ಕೆಳಗೆ ಎರಡು ನೀಲಿ ಗೆರೆ ಬಿದ್ದವು. ಕೇಳಿದ್ದಾಳೆ. ಮರುದಿನ ಏನೂ ಬರಲಿಲ್ಲ, ಅದರ ಮರುದಿನವೂ ಇಲ್ಲ. ಫೋನು ಮಾಡಿ ಎಲ್ಲವನ್ನೂ ವಿವರಿಸಿಬಿಡೋಣವೆಂದು ಮಹೇಶ್ವರಿ ಎಷ್ಟೋ ಸಲ ಕೈಗೆತ್ತಿಕೊಂಡು, ಮತ್ತೆ ಮೇಜಿನ ಮೇಲೆ ಇಟ್ಟಳು. ಹಸನಬೀ ಮೊದಲಿನಿಂದಲೂ ಜವಾಬಿಗೆ ತಡಮಾಡುವವಳು. ಈ ಸಲ ಮಹೇಶ್ವರಿ ನಡುವೆ ಬಾಯಿ ಹಾಕಲಿಲ್ಲ.