ಅಕ್ಕನ ಕಾಮಾಲೆ

ನನ್ನ ಅಕ್ಕನಿಗೆ ಕಾಮಾಲೆ ಬಂದದ್ದು ಶಾಲಾ ಕಚೇರಿಯ ಕಿಟಕಿಯಲ್ಲಿ. ಅದಕ್ಕೆ ಮುಂಚೆ ಅವಳಿಗೆ ಇದ್ದದ್ದು ಖಿನ್ನತೆ. ಹತ್ತನೇ ತರಗತಿಯ ನಡುವೆ, ಬೆಳಿಗ್ಗೆ ಎದ್ದು ಹಲ್ಲುಜ್ಜುವುದೂ ಅವಳಿಗೆ ಬೆಟ್ಟ ಹತ್ತಿದಷ್ಟು ಕಷ್ಟವಾಯಿತು. ಮನೋವೈದ್ಯರು ನೋಡಿ, ಔಷಧಿ ಕೊಟ್ಟು, ಎರಡು ತಿಂಗಳು ವಿಶ್ರಾಂತಿ ಬೇಕೆಂದು ಚೀಟಿ ಬರೆದರು. ಅಪ್ಪ ಅದನ್ನು ಕಚೇರಿಗೆ ಒಯ್ದಾಗ ನಾನೂ ಜೊತೆಗಿದ್ದೆ. ಅದೇ ಶಾಲೆಯಲ್ಲಿ ನಾನು ಎಂಟನೇ ತರಗತಿ.

ಗುಮಾಸ್ತರು ಚೀಟಿ ಓದಿ ವಾಪಸ್ ತಳ್ಳಿದರು. "ಇದೂ ಒಂದು ಕಾಯ್ಲೆನಾ ಸಾರ್? ಜ್ವರ, ಕಾಮಾಲೆ ಅಂತ ಏನಾದ್ರೂ ಬರೆಸ್ಕೊಂಡ್ ಬನ್ನಿ. ಹೆಣ್ಣುಹುಡುಗಿ ಬೇರೆ. ನಾಳೆ ನಾಲ್ಕು ಜನ ನಾಲ್ಕು ಮಾತಾಡ್ತಾರೆ."

ನಾಲ್ಕು ಜನವಂತೆ! ಆ ನಾಲ್ವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸಿಕ್ಕರೆ ಗ್ರಹಚಾರ ಬಿಡಿಸುತ್ತೇನೆ. ಅಪ್ಪ ಹೊಲಿಗೆ ಅಂಗಡಿಯವರು, ಗಿರಾಕಿ ಬೈದರೂ ತುಟಿಪಿಟಕ್ಕೆನ್ನದವರು. ಪರಿಚಯದ ಡಾಕ್ಟರ ಹತ್ತಿರ ಮೂರು ವಾರದ ಕಾಮಾಲೆ ಬರೆಸಿಕೊಂಡು ಬಂದರು.

ಆಮೇಲೆ ನೋಡಬೇಕಿತ್ತು ಉಪಚಾರ! ಕ್ಲಾಸ್ ಟೀಚರ್ ಫೋನ್ ಮಾಡಿ ಎಣ್ಣೆ ಪದಾರ್ಥ ಕೊಡಬೇಡಿ ಎಂದರು. ಗೆಳತಿಯರು ಹಣ್ಣು ಹಿಡಿದು ಬಂದರು. ಹಿಂದಿನ ತಿಂಗಳು ಅಕ್ಕನಿಗೆ 'ಅಳುಮುಂಜಿ' ಎಂದು ಹೆಸರಿಟ್ಟವರೂ ಇವರೇ. ಅವರು ಹೋದ ಮೇಲೆ ಅಕ್ಕ ಗೋಡೆ ಕಡೆ ತಿರುಗಿ, "ನಿಜವಾಗ್ಲೂ ಕಾಮಾಲೆನೇ ಬಂದಿದ್ರೆ ಎಷ್ಟು ಚೆನ್ನಾಗಿತ್ತು ಕಣೇ," ಎಂದಳು.

ಕಾಗದದ ಕಾಮಾಲೆ ಇಪ್ಪತ್ತೊಂದನೇ ದಿನಕ್ಕೆ ವಾಸಿಯಾಯಿತು. ಅಕ್ಕನಿಗೆ ಆಗಲಿಲ್ಲ. ಮರುದಿನ ಯೂನಿಫಾರ್ಮ್ ಹಾಕಿಕೊಂಡು, ಒಂದು ಕಾಲಿಗೆ ಶೂ ಹಾಕಿ ಬಾಗಿಲಲ್ಲಿ ಕೂತವಳು ಮೇಲೇಳಲೇ ಇಲ್ಲ. ವಾರದಲ್ಲಿ ಶಾಲೆಯಿಂದ ಪತ್ರ ಬಂತು: ವಾಸಿಯಾದ ಮೇಲೂ ಗೈರುಹಾಜರಿ, ಸೋಮವಾರ ಬರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ಮತ್ತೆ ಅದೇ ಕಿಟಕಿ. ನಮ್ಮ ಹಿಂದೆ ಐದಾರು ಪೋಷಕರ ಸಾಲು. "ಈ ಸಲ ಟೈಫಾಯ್ಡ್ ಅಂತ ಬರೆಸ್ಲಾ ಸಾರ್?" ಎಂದು ಅಪ್ಪ ಪಿಸುಗುಟ್ಟಿದರು.

ನನಗೆ ತಡೆಯಲಾಗಲಿಲ್ಲ. ಅಪ್ಪನ ಚೀಲದಿಂದ ಮನೋವೈದ್ಯರ ಚೀಟಿ ಎಳೆದು ಕಿಟಕಿಯೊಳಗೆ ತೂರಿದೆ. "ಟೈಫಾಯ್ಡೂ ಇಲ್ಲ, ಮಣ್ಣಂಗಟ್ಟಿನೂ ಇಲ್ಲ! ನಮ್ಮಕ್ಕನಿಗೆ ಇರೋದು ಖಿನ್ನತೆ. ನೀವು ಹೇಳಿದ ಹಾಗೇ ಸುಳ್ಳು ಬರೆಸಿದ್ವಿ. ಈಗ ನಿಮ್ಮ ಲೆಕ್ಕದಲ್ಲಿ ಅವಳು ಹುಷಾರಾಗಿದಾಳೆ. ಮನೆಗೆ ಬಂದು ಎಬ್ಬಿಸಿ ನೋಡೋಣ!"

ಗಲಾಟೆ ಕೇಳಿ ಮುಖ್ಯೋಪಾಧ್ಯಾಯಿನಿ ಹೊರಬಂದು ಚೀಟಿ ಓದಿದರು. "ಇದಕ್ಕೂ ರಜೆ ಕೊಡ್ತೀವಲ್ಲ. ಪರೀಕ್ಷೆಗೇನೂ ತೊಂದ್ರೆ ಇಲ್ಲ. ಮೊದಲೇ ಯಾಕೆ ಕೊಡ್ಲಿಲ್ಲ?"

"ಕೊಟ್ಟಿದ್ವಿ ಮೇಡಂ," ಎಂದರು ಅಪ್ಪ. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಇವರು ಬೇಡ ಅಂದ್ರು. ನಾನೂ ಮರ್ಯಾದೆಗೆ ಅಂಜಿ ವಾಪಸ್ ತಗೊಂಡೆ. ತಪ್ಪು ನಂದೂ ಇದೆ."

ಗುಮಾಸ್ತರು ರಬ್ಬರ್ ಸ್ಟಾಂಪ್ ಹುಡುಕತೊಡಗಿದರು. ಅದು ಅವರ ಕೈಯಲ್ಲೇ ಇತ್ತು.

ಅಕ್ಕನಿಗೆ ರಜೆಯೂ ಸಿಕ್ಕಿತು, ಪರೀಕ್ಷೆಯೂ ಉಳಿಯಿತು. ನಾವು ಹೊರಡುವಾಗ ಹಿಂದಿದ್ದ ಹೆಂಗಸು ಮುಂದೆ ಬಂದರು. ಕಿಟಕಿಯೊಳಗೆ ಚಾಚಿದ ತಮ್ಮ ಸರ್ಟಿಫಿಕೇಟನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

"ನನ್ನ ಮಗನಿಗೂ ಜ್ವರ ಇಲ್ಲ ಸಾರ್," ಎಂದರು.