ಬಿಸಿಲಿಗೆ ಬಂದ ಬಣ್ಣ

ಅಮೆರಿಕದ ಆ ವಿಶ್ವವಿದ್ಯಾಲಯದಲ್ಲಿ ಜನಾಂಗಭೇದ ಕಡಿಮೆ ಮಾಡಲೆಂದು ಇದ್ದ ವೈವಿಧ್ಯ ಕಚೇರಿಯನ್ನು ರಾಜ್ಯದ ಸೆನೆಟ್ ಮುಚ್ಚಿಸಿದಾಗ ಅದರ ಮುಖ್ಯಸ್ಥ ಪ್ರೆಸ್ಟನ್ ಹಾಲಿಸ್ ಶನಿವಾರ, ಭಾನುವಾರ ಮಾತ್ರ ನಿರುದ್ಯೋಗಿಯಾಗಿದ್ದ. ಸೋಮವಾರ ಅದೇ ಕೋಣೆ, ಅದೇ ಕುರ್ಚಿ. ಬಾಗಿಲಿಗೆ ಮಾತ್ರ 'ಸರ್ವರ ಯಶಸ್ಸಿನ ಕಚೇರಿ' ಎಂಬ ಹೊಸ ಫಲಕ. ಮೊದಲು ಪ್ರಾಧ್ಯಾಪಕರನ್ನೆಲ್ಲ ದುಂಡಗೆ ಕೂರಿಸಿ ಒಬ್ಬರ ನೋವನ್ನು ಇನ್ನೊಬ್ಬರಿಗೆ ಕೇಳಿಸುತ್ತಿದ್ದವನು ಈಗ ಅವರ ಸಂಶೋಧನೆಗಳಲ್ಲಿ ಸೆನೆಟ್ ನಿಷೇಧಿಸಿದ ಪದಗಳನ್ನು ಹುಡುಕಿಸುತ್ತಿದ್ದ. ಎರಡೂ ಕೆಲಸಗಳಲ್ಲಿ ಅವನ ಮುಖದ ಮೇಲಿನ ಕರುಣೆ ಒಂದೇ ಆಗಿತ್ತು.

ಹುಡುಕುತ್ತಿದ್ದದ್ದು ಕಂಪ್ಯೂಟರ್. ಅದಕ್ಕೆ ಭೇದಭಾವವಿಲ್ಲ. 'ಕಪ್ಪು' ಎಂಬ ಪದ ಕಂಡರೆ ಸಾಕು, ಅನುದಾನ ನಿಲ್ಲುತ್ತಿತ್ತು. ಕಪ್ಪು ಅಕ್ರೋಟು ಮರದ ರೋಗದ ಹಿಂದೆ ಬಿದ್ದು ತಲೆ ನರೆಸಿಕೊಂಡಿದ್ದ ಅರಣ್ಯ ವಿಭಾಗದ ಪ್ರಾಧ್ಯಾಪಕ ಈಗ ಅದನ್ನು 'ನಿಮಗೆಲ್ಲ ಗೊತ್ತಿರುವ ಆ ಅಕ್ರೋಟು' ಎಂದು ಬರೆಯುತ್ತಿದ್ದ, ಪಾಪ.

ಶ್ವಾಸಕೋಶದ ವೈದ್ಯೆ ಕೊರೀನ್ ಮೇಫೀಲ್ಡ್‌ಗೆ ಅಂಥ ಉಪಾಯವೂ ಇರಲಿಲ್ಲ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ ಇದೆಯಲ್ಲ, ಅದು ಕಪ್ಪು ಜನರಲ್ಲಿ ಎಷ್ಟೋ ಸಲ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಆಸ್ಪತ್ರೆ ಉಸಿರು ಕಟ್ಟಿದವರನ್ನು 'ನೀವು ಚೆನ್ನಾಗಿದ್ದೀರಿ' ಎಂದು ಮನೆಗೆ ಕಳಿಸುತ್ತಿತ್ತು. ಮುದುಕ ಲೂಷಿಯಸ್ ಗೇನ್ಸ್‌ನನ್ನೂ ಹಾಗೇ ಕಳಿಸಿತ್ತು. ಕ್ಲಿಪ್ ತೊಂಬತ್ತೈದು ಎಂದಿತ್ತು; ಬೆಳಗಾಗುವಷ್ಟರಲ್ಲಿ ಅವನು ತೀರಿಕೊಂಡಿದ್ದ. ಕೊರೀನ್ ಬೆಳೆದ ಕಪ್ಪು ಜನರ ಚರ್ಚಿನಲ್ಲಿ ಅವನು ಬಾಗಿಲು ಕಾಯುತ್ತಿದ್ದ, ಅವನ ಹೆಂಡತಿ ವರ್ಡೆಲ್ ಅಡುಗೆಮನೆ ಆಳುತ್ತಿದ್ದಳು. ಕೊರೀನ್ ಶುರು ಮಾಡಿದ್ದ ಅಧ್ಯಯನ ಕ್ಲಿಪ್ಪಿನ ತಪ್ಪನ್ನು ಸಾಬೀತು ಮಾಡಿದರೆ ಆಸ್ಪತ್ರೆ ಕ್ಲಿಪ್ಪುಗಳನ್ನು ಬದಲಿಸಲೇಬೇಕಾಗುತ್ತಿತ್ತು. ಕೊರೀನ್‌ಗೆ ಬೇಕಿದ್ದದ್ದು ಅಷ್ಟೇ.

ಪ್ರೆಸ್ಟನ್ ಅವಳನ್ನು ಕರೆಸಿ, ಕಾಫಿ ಕೊಟ್ಟು, ಅಧ್ಯಯನ ನಿಂತಿದೆ ಎಂದ.

"ನಿಮ್ಮ ಕೆಲಸದ ಮೇಲೆ ನನಗೆ ತುಂಬ ಗೌರವ ಇದೆ ಕೊರೀನ್. ಆದ್ರೆ ಈ ಚರ್ಮದ ಬಣ್ಣಾನ ಯಾಕೆ ಮಧ್ಯೆ ತರ್ತೀರಿ? ನನಗಂತೂ ಬಣ್ಣಾನೇ ಕಾಣಲ್ಲ."

"ಆ ಕ್ಲಿಪ್ಪಿಗೂ ಅದೇ ಕಾಯಿಲೆ, ಪ್ರೆಸ್ಟನ್."

ಅವನು ನೊಂದವನಂತೆ ಕಣ್ಣು ಮುಚ್ಚಿದ. ಅವನ ಹಿಂದೆ ಗೋಡೆಯ ಮೇಲೆ ಒಂದು ಫೋಟೋ: ಪದಗಳನ್ನು ನಿಷೇಧಿಸಿದ ಸೆನೆಟ್ ಸಮಿತಿಯ ಅಧ್ಯಕ್ಷರ ಹೆಗಲಿಗೆ ಕೈ ಹಾಕಿ ಗಾಲ್ಫ್ ಮೈದಾನದಲ್ಲಿ ಪ್ರೆಸ್ಟನ್. ಬಿಳಿಯರಿಬ್ಬರೂ ಬಿಸಿಲಿಗೆ ಹುರಿದು ತಾಮ್ರದ ಬಣ್ಣಕ್ಕೆ ಬಂದಿದ್ದರು. ಕೊರೀನ್ ಕಾಫಿ ಮುಗಿಸುವವರೆಗೂ ಅದನ್ನೇ ನೋಡಿದಳು.

ಮಾರನೆಯ ದಿನ ಅಧ್ಯಯನಕ್ಕೆ ಹೊಸ ಹೆಸರು ಬಂತು: 'ಬಿಸಿಲಿನಲ್ಲಿ ದೀರ್ಘಕಾಲ ಕಳೆದು ಚರ್ಮ ಗಾಢವಾದವರ ಆಮ್ಲಜನಕ ಸುರಕ್ಷತೆ, ಉದಾಹರಣೆಗೆ, ಗಾಲ್ಫ್ ಆಟಗಾರರು.' ಬಿಸಿಲಿನ ಮೇಲೆ ಕಂಪ್ಯೂಟರಿಗೆ ಯಾವ ತಕರಾರೂ ಇರಲಿಲ್ಲ. ಅಧ್ಯಕ್ಷರಂತೂ ಹಿಗ್ಗಿದರು; ಕೊನೆಗೂ ಸಾಮಾನ್ಯ ಮನುಷ್ಯನ ಕಷ್ಟ ಕೇಳುವ ವಿಜ್ಞಾನಿಯೊಬ್ಬಳು ಸಿಕ್ಕಿದಳೆಂದು ಪತ್ರಿಕೆಗೆ ಹೇಳಿದರು. ಅವರದು ಒಂದೇ ಷರತ್ತು. ಬರುವ ಪ್ರತಿಯೊಬ್ಬರನ್ನೂ ಬಿಸಿಲಿನಲ್ಲಿ ಎಷ್ಟು ಕಾಲ ಇದ್ದಿರಿ, ಏನು ಮಾಡುತ್ತ ಇದ್ದಿರಿ ಎಂದು ಪ್ರೆಸ್ಟನ್ನೇ ಎದುರು ಕೂತು ಕೇಳಬೇಕು. ಬಿಸಿಲು ಕಾಣದವರಿಗೆ ಪ್ರವೇಶವಿಲ್ಲ.

ಮೊದಲ ವಾರ ಅಧ್ಯಕ್ಷರ ಗಾಲ್ಫ್ ಗೆಳೆಯರು ಬಂದರು. ಟೋಪಿ ತೆಗೆದರೆ ಹಣೆ ಬೇಯಿಸಿದ ಮೊಟ್ಟೆಯ ಹಾಗೆ ಬೆಳ್ಳಗಿತ್ತು. ಮಣಿಕಟ್ಟಿನಿಂದ ತೆಗೆದ ರಕ್ತದ ಲೆಕ್ಕವೂ ಬೆರಳಿನ ಕ್ಲಿಪ್ಪಿನ ಲೆಕ್ಕವೂ ಎಲ್ಲರಲ್ಲೂ ಕರಾರುವಾಕ್ಕಾಗಿ ತಾಳೆಯಾದವು. ಹೀಗೇ ನಡೆದರೆ ಲೂಷಿಯಸ್‌ನನ್ನು ಕೊಂದ ಕ್ಲಿಪ್ಪಿಗೆ ಕೊರೀನ್ ತನ್ನ ಕೈಯಾರೆ ಸರ್ಟಿಫಿಕೇಟ್ ಕೊಟ್ಟಂತಾಗುತ್ತಿತ್ತು. ಅತಿಬುದ್ಧಿವಂತಿಕೆ ಮಾಡಲು ಹೋಗಿ ಕೆಟ್ಟೆ ಎಂದು ಅವಳಿಗೆ ನಾಚಿಕೆಯಾಯಿತು.

ಭಾನುವಾರ ಚರ್ಚಿನ ಹಿತ್ತಿಲಲ್ಲಿ ಮೀನು ಕರಿಯುತ್ತಿದ್ದ ವರ್ಡೆಲ್ ಮುಂದೆ ಅವಳು ಎಲ್ಲವನ್ನೂ ಹೇಳಿಕೊಂಡಳು.

"ಅಳೋದು ಆಮೇಲೆ, ಮೊದ್ಲು ತಿನ್ನು," ಎಂದಳು ವರ್ಡೆಲ್. "ಅಲ್ಲ ಮಗಳೇ, ಅವನು ಕೇಳೋದು ಬಿಸಿಲು ತಾನೇ?"

"ಹೌದು ಮಿಸ್ ವರ್ಡೆಲ್. ಗಾಲ್ಫ್ ಆಡಿರಬೇಕು."

"ಆಡಿರಬೇಕು ಅಂತ ಬರೆದಿದ್ದೀಯೋ, ಉದಾಹರಣೆಗೆ ಅಂತ ಬರೆದಿದ್ದೀಯೋ?"

ಕೊರೀನ್ ಮೀನು ತಿನ್ನುವುದನ್ನು ನಿಲ್ಲಿಸಿದಳು.

ಮಂಗಳವಾರ ವರ್ಡೆಲ್ ಬಂದಳು. ಭಾನುವಾರ ಚರ್ಚಿಗೆ ತೊಡುವ ನೇರಳೆ ಉಡುಪು, ತಲೆಗೆ ಯಾರದೋ ಗಾಲ್ಫ್ ಟೋಪಿ, ಎದೆಯಲ್ಲಿ ಹಳೆಯ ದಮ್ಮು. ಪ್ರೆಸ್ಟನ್ ಅವಳನ್ನು ನೋಡಿದ, ಕೊರೀನ್‌ಳನ್ನು ನೋಡಿದ. ಬಣ್ಣ ಕಾಣುವುದಿಲ್ಲವೆಂದು ಊರಿಗೆಲ್ಲ ಹೇಳಿಕೊಂಡವನು ಈಗ ಏನು ಕಂಡಿತೆಂದು ಬಾಯಿ ಬಿಡುವ ಹಾಗಿರಲಿಲ್ಲ.

"ಬಿಸಿಲಲ್ಲಿ ಎಷ್ಟು ವರ್ಷ ಇದ್ರಿ, ಮೇಡಂ?"

"ನನ್ನದು ಹೇಳ್ಲೋ, ಮನೆತನದ್ದು ಹೇಳ್ಲೋ?"

"ಅಂದ್ರೆ?"

"ನಮ್ಮ ಮುತ್ತಜ್ಜೀನ ಕೊಂಡು ತಂದು ಈ ಜಿಲ್ಲೇಲಿ ಹತ್ತಿ ಹೊಲಕ್ಕೆ ಇಳಿಸಿದ್ರಲ್ಲಪ್ಪ, ಆವಾಗಿಂದ ನಾವು ಬಿಸಿಲಲ್ಲೇ ಇದ್ದೀವಿ. ನಾನೂ ಮದುವೆ ಆಗೋವರೆಗೂ ಹತ್ತಿ ಬಿಡಿಸಿದ್ದೀನಿ. ಬರ್ಕೋ."

"ಅದು ಆಟ ಅಲ್ವಲ್ಲ ಮೇಡಂ."

"ನಮಗೆ ಅಲ್ಲ. ಯಜಮಾನರು ನೆರಳಲ್ಲಿ ಕೂತು ನೋಡ್ತಿದ್ರು. ನೋಡೋ ಜನ ಇದ್ರೆ ಆಟಾನೇ ಅಲ್ವಾ?"

ಪ್ರೆಸ್ಟನ್ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. ನಿಷಿದ್ಧ ಪದ ಒಂದೂ ಅವಳ ಬಾಯಿಂದ ಬಿದ್ದಿರಲಿಲ್ಲ. 'ದೀರ್ಘಕಾಲ, ಹೊರಾಂಗಣ' ಎಂದು ಬರೆದು ಸಹಿ ಹಾಕಿದ.

ಕ್ಲಿಪ್ ತೊಂಬತ್ತಾರು ಎಂದಿತು. ರಕ್ತ ಎಂಬತ್ತೆಂಟು ಎಂದಿತು. ಕೊರೀನ್ ಬೇಗಬೇಗ ಆಮ್ಲಜನಕದ ನಳಿಗೆಯನ್ನು ಮುದುಕಿಯ ಮೂಗಿಗೆ ಸಿಕ್ಕಿಸಿದಳು.

ವರ್ಡೆಲ್ ಎರಡು ಸಂಖ್ಯೆಗಳನ್ನೂ ನೋಡಿದಳು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ನಮ್ಮ ಲೂಷಿಯಸ್‌ಗೂ ಹೀಗೇ ಆಗಿತ್ತಾ?"

"ಹೌದು ಮಿಸ್ ವರ್ಡೆಲ್."

"ಹಾಗಾದ್ರೆ ಅವತ್ತು ಉಸಿರು ಕಟ್ತಿದೆ ಅಂತ ಅವನು ಹೇಳಿದ್ದು ನಿಜ," ಎಂದಳು. "ಸುಮ್ನೆ ಹೆದರಬೇಡ, ಆಸ್ಪತ್ರೆ ಮಿಷಿನ್ನೇ ಹೇಳಿದೆಯಲ್ಲ ಅಂತ ನಾನೇ ಬೈದು ಮಲಗಿಸಿದ್ದೆ."

ಅವಳು ಆ ಟೋಪಿಯನ್ನು ಪ್ರೆಸ್ಟನ್ ಕಡೆಗೆ ಚಾಚಿದಳು.

"ಹೊರಗೆ ನಮ್ಮ ಚರ್ಚಿನೋರು ಕೂತಿದ್ದಾರೆ, ಟೋಪಿ ಇರೋದು ಒಂದೇ. ಮುಂದಿನವಳಿಗೆ ಕೊಟ್ಟು ಒಳಗೆ ಕಳಿಸಪ್ಪ."